ಟೆಕ್ಸ್‌ಟೈಲ್ ಡಿಸೈನ್‌ನಲ್ಲಿ ಚಿತ್ರ ಬರೆದಾದ ಮೇಲೂ ‘ರಿಪೀಟ್’ ಮಾಡಿ ಅಂತ ಯಾಕೆ ಹೇಳುತ್ತಾರೆ? ಅದನ್ನು ಮಾಡೋದು ಹೇಗೆ?

ನೀವು ಬರೆದ ಹೂವು ಒಂದು ಹಾಳೆಯಲ್ಲಿ ಮುಗಿಯುತ್ತದೆ, ಬಟ್ಟೆ ಮೀಟರುಗಟ್ಟಲೆ ಮುಂದುವರಿಯುತ್ತದೆ. ಅದೇ ಚಿತ್ರ ಮತ್ತೆ ಮತ್ತೆ ಅಚ್ಚಾಗುವಾಗ ಜೋಡಣೆಯ ಗೆರೆ ಕಾಣಬಾರದು. ಆ ಹೊಂದಾಣಿಕೆಗೇ ರಿಪೀಟ್ ಅನ್ನುತ್ತಾರೆ, ಹಾಗೆ ಮತ್ತೆ ಮತ್ತೆ ಬರುವ ಒಂದು ಚಿತ್ರಕ್ಕೂ ಅದೇ ಹೆಸರು.

ಕಂಪ್ಯೂಟರಿಗೆ ಹೋಗುವ ಮುಂಚೆ ಒಮ್ಮೆ ಕೈಯಲ್ಲೇ ಮಾಡಿ ನೋಡಿ, ಬೇಗ ತಲೆಗೆ ಹೋಗುತ್ತದೆ. ಹಾಳೆಯ ನಡುವೆ ಮಾತ್ರ ಬರೆಯಿರಿ, ಅಂಚು ಖಾಲಿ ಇರಲಿ. ಹಾಳೆಯನ್ನು ಸಮನಾಗಿ ನಾಲ್ಕು ತುಂಡು ಮಾಡಿ. ಎಡ ಮೇಲಿನ ತುಂಡನ್ನು ಬಲ ಕೆಳಗೆ, ಬಲ ಮೇಲಿನದನ್ನು ಎಡ ಕೆಳಗೆ, ಹೀಗೆ ಮೂಲೆಗಳನ್ನು ಅದಲುಬದಲು ಮಾಡಿ. ತುಂಡುಗಳನ್ನು ತಿರುಗಿಸಬೇಡಿ. ಹಿಂದೆ ಟೇಪ್ ಹಚ್ಚಿ. ಖಾಲಿ ಅಂಚೆಲ್ಲ ಈಗ ನಡುವೆ ಬಂತು, ಅಲ್ವಾ? ಅಲ್ಲಿ ಎಲೆ, ಬಳ್ಳಿ ತುಂಬಿ, ಆದರೆ ಹೊರಗಿನ ಅಂಚು ಮುಟ್ಟಬೇಡಿ. ಈಗ ಎದುರುಬದುರು ಇರುವ ಅಂಚುಗಳು ಒಂದೇ ಕತ್ತರಿಗೆರೆಯ ಎರಡು ಬದಿ. ಪಕ್ಕಪಕ್ಕ ಇಟ್ಟರೆ ಕೂಡಲೇಬೇಕು.

ಹೂವೆಲ್ಲ ಒಂದೇ ನೇರಕ್ಕೆ ನಿಂತರೆ ದೂರದಿಂದ ಅಡ್ಡಪಟ್ಟೆ ಕಾಣುತ್ತದೆ. ಅದಕ್ಕೇ ಪಕ್ಕದ ಕಂಬಸಾಲನ್ನು ಅರ್ಧ ರಿಪೀಟ್‌ನಷ್ಟು ಕೆಳಗಿಳಿಸುತ್ತಾರೆ, ಇದು ಹಾಫ್ ಡ್ರಾಪ್. ಹೂವಿನ ಡಿಸೈನಿಗೆ ನನ್ನ ಓಟು ಇದಕ್ಕೇ.

ಅಳತೆಯನ್ನೂ ಸುಮ್ನೆ ಇಡುವಂತಿಲ್ಲ. ರೋಟರಿ ಸ್ಕ್ರೀನ್ ಅಂದರೆ ಉರುಳುತ್ತಾ ಬಣ್ಣ ಒತ್ತುವ ಜಾಲರಿ ಕೊಳವೆ. ಅದರ ಸುತ್ತಳತೆ ಸಾಮಾನ್ಯವಾಗಿ 64 ಸೆಂ.ಮೀ. ಹಾಗಾಗಿ ರಿಪೀಟ್‌ನ ಉದ್ದ 64, 32, 16 ಹೀಗೆ ಸಮ ಭಾಗವಾಗಬೇಕು. 30 ಇಟ್ಟರೆ ಮೂರನೇ ಹೂವು ಶುರುವಾಗುವಷ್ಟರಲ್ಲೇ ತುಂಡಾಗುತ್ತದೆ. ಡಿಜಿಟಲ್ ಪ್ರಿಂಟಿಗೆ ಈ ಕಟ್ಟುಪಾಡಿಲ್ಲ.