ಗಾಡಿ ಮಾತು: ಘಾಟಿಯಲ್ಲಿ ನ್ಯೂಟ್ರಲ್, ಬಾನೆಟ್ಟಿನೊಳಗೆ ಇಲಿ

ಬೇಸಿಗೆಯಲ್ಲಿ ಎಲ್ಲರೂ ಮೈಲೇಜ್ ಕೇಳುತ್ತಾರೆ. ಜೂನ್ ಬಂತೆಂದರೆ ಬ್ರೇಕು, ಟೈರು, ಇಲಿ. ಈ ಸಲವೂ ಹಾಗೇ. ಬಂದ ಪತ್ರಗಳಲ್ಲಿ ಐದನ್ನು ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ, ಬೇಕಂತಲೇ.

ಪ್ರಶ್ನೆ: ನಮ್ಮ ಮಾವನವರಿಗೆ ಅರವತ್ತೆಂಟು ವರ್ಷ. ಉಡುಪಿಗೆ ಹೋಗುವಾಗ ಆಗುಂಬೆ ಘಾಟಿ ಇಳಿಯಲು ಶುರುವಾದ ಕೂಡಲೇ ಗೇರು ನ್ಯೂಟ್ರಲ್‌ಗೆ ಹಾಕುತ್ತಾರೆ. "ಇಳುಕಲಿನಲ್ಲಿ ಸುಮ್ನೆ ಪೆಟ್ರೋಲ್ ಯಾಕೆ ಸುಡಬೇಕು" ಅಂತಾರೆ. ನಾನೇನಾದರೂ ಹೇಳಿದರೆ "ನಿಂಗೆ ಲೈಸೆನ್ಸ್ ಬಂದಿದ್ದು ಮೊನ್ನೆ ಅಲ್ವಾ" ಅಂತ ನಗುತ್ತಾರೆ. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಹಿಡಿದುಕೊಂಡು ನಾನು ಜೀವ ಕೈಯಲ್ಲಿಟ್ಟುಕೊಂಡು ಕೂತಿರುತ್ತೇನೆ. ಅವರಿಗೆ ಹೇಗೆ ಹೇಳಲಿ?
– ಸೊಸೆ, ತೀರ್ಥಹಳ್ಳಿ

ಉತ್ತರ: ತಂಗೀ, ಜೀವದ ಮಾತು ಎತ್ತಬೇಡಿ, ಪೆಟ್ರೋಲಿನ ಮಾತೇ ಎತ್ತಿ. ಜೀವದ ಮಾತು ಎತ್ತಿದರೆ ಅವರ ಡ್ರೈವಿಂಗಿಗೆ ಹೆಸರಿಟ್ಟ ಹಾಗಾಗುತ್ತದೆ, ಕಿವಿ ಮುಚ್ಚಿಕೊಳ್ಳುತ್ತಾರೆ.

ಮಾವನವರು ಹೇಳುವುದು ಕಾರ್ಬುರೇಟರ್ ಕಾಲದ ಲೆಕ್ಕ. ಈಗಿನ ಗಾಡಿಗಳಲ್ಲಿ ಫ್ಯುಯಲ್ ಇಂಜೆಕ್ಷನ್ ಇದೆ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ, ಆಗ ಕಂಪ್ಯೂಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ? ಎಂಜಿನ್ ಆರಬಾರದಲ್ಲ, ಅದಕ್ಕೆ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಅಂದರೆ ಉಳಿಸಲು ಹೋಗಿ ಖರ್ಚು ಮಾಡುತ್ತಿದ್ದಾರೆ! ನಿಮ್ಮ ಕಾರಿನಲ್ಲಿ ಆಗಿಂದಾಗಿನ ಮೈಲೇಜ್ ತೋರಿಸುವ ಡಿಸ್‌ಪ್ಲೇ ಇದ್ದರೆ, ಊರ ಹತ್ತಿರದ ಯಾವುದಾದರೂ ಸಣ್ಣ ಇಳುಕಲಿನಲ್ಲಿ ಗೇರಿನಲ್ಲೇ ಇಳಿಸಿ, ಪಕ್ಕದಲ್ಲಿ ಕೂತವರು ಅದನ್ನು ಓದಿ ಹೇಳಲಿ. ಸೊಸೆ ಹೇಳಿದ್ದನ್ನು ನಂಬದವರು ಮೀಟರ್ ಹೇಳಿದ್ದನ್ನು ನಂಬುತ್ತಾರೆ.

ಇನ್ನು ಬ್ರೇಕಿನ ಕಥೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವು. ನ್ಯೂಟ್ರಲ್‌ನಲ್ಲಿ ಗಾಡಿಯನ್ನು ಹಿಡಿದಿಡುವುದು ಬ್ರೇಕೊಂದೇ. ಪ್ಯಾಡು ಕಾಯುತ್ತದೆ, ಡಿಸ್ಕು ಕಾಯುತ್ತದೆ, ಆ ಬಿಸಿ ಬ್ರೇಕ್ ಆಯಿಲ್‌ಗೆ ಹೋಗುತ್ತದೆ. ಈ ಆಯಿಲ್‌ಗೆ ಒಂದು ಕೆಟ್ಟ ಗುಣವಿದೆ, ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ. ನಮ್ಮಲ್ಲಿ ಪಸೆಗೆ ಬರವೇ! ಡಾಟ್ 4 ಅಂತ ಬರೆದಿರುವ ಹೊಸ ಆಯಿಲ್ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ. ನೂರಕ್ಕೆ ಸುಮಾರು ನಾಲ್ಕು ಪಾಲು ನೀರು ಸೇರಿತೆಂದರೆ 155 ಡಿಗ್ರಿ ತಡೆದರೆ ಸಾಕು ಅಂತ ಅದೇ ನಿಯಮ ಹೇಳುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ಎಣ್ಣೆಯನ್ನು ಅದುಮಲು ಆಗುವುದಿಲ್ಲ, ಅದಕ್ಕೇ ಬ್ರೇಕ್ ಹಿಡಿಯುವುದು. ಗುಳ್ಳೆಯನ್ನು ಅದುಮಬಹುದು. ಪೆಡಲ್ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಇದನ್ನು ನಾನು ಎಲ್ಲೋ ಓದಿ ಹೇಳುತ್ತಿಲ್ಲ ಮಾರಾಯ್ರೆ. ಇಪ್ಪತ್ತೈದರ ವಯಸ್ಸಿನಲ್ಲಿ ಒಂದು ಮದುವೆ ದಿಬ್ಬಣದ ವ್ಯಾನ್ ಓಡಿಸಿಕೊಂಡು ಹುಲಿಕಲ್ ಘಾಟಿ ಇಳಿಯುತ್ತಿದ್ದೆ. ಹಿಂದೆ ಹತ್ತು ಜನ, ಹೋಳಿಗೆ ಡಬ್ಬ, ಒಂದು ಹಾರ್ಮೋನಿಯಂ. ಮೊದಲು ಸುಟ್ಟ ವಾಸನೆ ಬಂತು. ಯಾರೋ ರಸ್ತೆಬದಿ ರಬ್ಬರ್ ಸುಡುತ್ತಿದ್ದಾರೆ ಅಂದುಕೊಂಡೆ. ಎರಡು ತಿರುವು ಆದ ಮೇಲೆ ಪೆಡಲ್ ಹಣ್ಣಾದ ಹಲಸಿನಕಾಯಿ ಒತ್ತಿದ ಹಾಗೆ ಮೆತ್ತಗಾಯಿತು. ಪೆಡಲನ್ನು ಮೇಲಿಂದ ಮೇಲೆ ತುಳಿದೆ, ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದೆ, ಎಂಜಿನ್ ಕಿರುಚಿಕೊಂಡಿತು, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದೆ, ಕೊನೆಗೆ ಧರೆ ಕಡೆಯ ಚರಂಡಿಗೆ ಎಡಚಕ್ರ ಇಳಿಸಿ ನಿಲ್ಲಿಸಿದೆ. ಆಮೇಲೆ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳ ತೆಗೆದು ನೋಡಿದರೆ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಹೊಸತಿದ್ದಾಗ ಅದು ತೆಳು ಜೇನುತುಪ್ಪದ ಹಾಗಿರುತ್ತದೆ. ಎಷ್ಟು ವರ್ಷದಿಂದ ಬದಲಿಸಿಲ್ಲ ಅಂತ ವ್ಯಾನಿನ ಯಜಮಾನರಿಗೇ ಗೊತ್ತಿರಲಿಲ್ಲ. ನಾನೂ ಕೇಳಿರಲಿಲ್ಲ, ನನ್ನದೂ ತಪ್ಪೇ.

ಹಾಗಾಗಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ, ಎಷ್ಟೇ ಕಡಿಮೆ ಓಡಿದ್ದರೂ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಆಗುಂಬೆಯ ತಿರುವುಗಳಿಗೆ ಎರಡನೇ ಗೇರು. ಆಟೋಮ್ಯಾಟಿಕ್ ಕಾರಿದ್ದರೆ ಡಿಯಲ್ಲೇ ಬಿಟ್ಟು ಕೂರಬೇಡಿ, ಎಲ್ ಅಥವಾ ಮ್ಯಾನ್ಯುಯಲ್‌ಗೆ ಹಾಕಿ. ಬ್ರೇಕನ್ನು ತುಳಿದು ಬಿಡಿ, ತುಳಿದು ಬಿಡಿ, ಕಾಲು ಅದರ ಮೇಲೇ ಊರಬೇಡಿ. ವಾಸನೆ ಬಂದರೆ ರಸ್ತೆ ಅಗಲವಿರುವ ಕಡೆ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ಬಿಸಿ ಡಿಸ್ಕಿಗೆ ನೀರು ಹುಯ್ಯುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ, ಡಿಸ್ಕು ಸೊಟ್ಟಗಾಗುತ್ತದೆ. ಹಾಗೇ ಇನ್ನೊಂದು ಮಾತು. ಕೆಲವರು ಇಳುಕಲಿನಲ್ಲಿ ಕೀಯನ್ನೇ ಆಫ್ ಮಾಡುತ್ತಾರೆ. ಎಂಜಿನ್ ಆರಿದರೆ ಬ್ರೇಕಿನ ಬೂಸ್ಟರ್‌ಗೆ ಎರಡು ಮೂರು ತುಳಿತಕ್ಕಾಗುವಷ್ಟೇ ಬಲ ಉಳಿದಿರುತ್ತದೆ. ಆಮೇಲೆ ಪೆಡಲ್ ಕಲ್ಲು. ಕೀ ಪೂರ್ತಿ ತಿರುಗಿದರೆ ಸ್ಟೇರಿಂಗೂ ಲಾಕ್.

ಪ್ರಶ್ನೆ: ಎಂಟು ವರ್ಷದ ಕಾರು, ಓಡಿದ್ದು ಬರೀ 22 ಸಾವಿರ ಕಿಲೋಮೀಟರ್. ಟೈರಿನ ಕಚ್ಚು ಚೆನ್ನಾಗೇ ಇದೆ. ಟೈರ್ ಅಂಗಡಿಯವರು ನಾಲ್ಕನ್ನೂ ಬದಲಿಸಿ ಅಂತಾರೆ. ದುಡ್ಡು ಕೀಳುವ ಉಪಾಯವಾ?
– ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಉತ್ತರ: ಇರಲಿಕ್ಕಿಲ್ಲ ಮೇಷ್ಟ್ರೇ. ರಬ್ಬರ್ ಓಡಿದರೂ ಸವೆಯುತ್ತದೆ, ನಿಂತರೂ ಗಟ್ಟಿಯಾಗುತ್ತದೆ. ಟೈರಿನ ಪಕ್ಕದಲ್ಲಿ ಡಾಟ್ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2317 ಅಂತಿದ್ದರೆ 2017ನೇ ಇಸವಿಯ 23ನೇ ವಾರ ತಯಾರಾದದ್ದು. ಆ ಸಾಲು ಕೆಲವು ಸಲ ಟೈರಿನ ಒಳಮೈ ಕಡೆ ಇರುತ್ತದೆ, ಬಗ್ಗಿ ಟಾರ್ಚ್ ಬಿಟ್ಟು ನೋಡಬೇಕು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರ ಕೈಲಿ ನೋಡಿಸಿ. ಪಕ್ಕದ ಗೋಡೆಯಲ್ಲಿ ಬೇಸಿಗೆ ಗದ್ದೆಯ ಹಾಗೆ ಸಣ್ಣ ಸಣ್ಣ ಬಿರುಕು ಕಂಡರೆ ಅಂಗಡಿಯವರು ಹೇಳಿದ್ದು ಸರಿ. ಬಿರುಕು ಇಲ್ಲದಿದ್ದರೂ ಹತ್ತು ವರ್ಷದ ಮೇಲೆ ಇಟ್ಟುಕೊಳ್ಳಬೇಡಿ. ಸ್ಟೆಪ್ನಿಯ ವಯಸ್ಸೂ ಅಷ್ಟೇ, ಅದನ್ನು ಎಲ್ಲರೂ ಮರೆಯುತ್ತಾರೆ.

ಕಚ್ಚು 1.6 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೇ ಓಡಿಸುವಂತಿಲ್ಲ. ಆದರೆ ನಮ್ಮ ಮಳೆಗೆ ಅಷ್ಟು ಸಾಲದು ಅಂತ ನನ್ನ ಅಭಿಪ್ರಾಯ. ಮೂರಕ್ಕೆ ಬಂತೆಂದರೆ ನಾನಾದರೆ ಬದಲಿಸುತ್ತೇನೆ. ನೀರು ಹೊರಗೆ ತಳ್ಳುವುದೇ ಆ ಕಚ್ಚು. ಅದಿಲ್ಲದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ, ಸ್ಟೇರಿಂಗ್ ಹಗುರವಾದ ಹಾಗೆ ಅನಿಸುತ್ತದೆ. ಆಗ ಗಾಬರಿಯಿಂದ ಬ್ರೇಕ್ ತುಳಿಯಬೇಡಿ, ನೆಟ್ಟಗೆ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಒಟ್ಟಿಗೆ ನಾಲ್ಕಕ್ಕೆ ದುಡ್ಡು ಇಲ್ಲ, ಎರಡೇ ಹಾಕಿಸುತ್ತೇನೆ ಅಂದರೆ ಹೊಸದು ಹಿಂದಕ್ಕೆ ಇರಲಿ. ಜನ ಮುಂದಕ್ಕೆ ಹಾಕಿಸುತ್ತಾರೆ. ಮುಂದಿನದು ಜಾರಿದರೆ ಗೊತ್ತಾಗುತ್ತದೆ, ಹಿಂದಿನದು ಜಾರಿದರೆ ಗಾಡಿಯೇ ಗಿರಕಿ ಹೊಡೆಯುತ್ತದೆ.

ಪ್ರಶ್ನೆ: ಮಳೆಯಲ್ಲಿ ಐದು ಜನ ಕೂತರೆ ಮುಂದಿನ ಗ್ಲಾಸು ಒಳಗಿನಿಂದ ಮಂಜು ಹಿಡಿಯುತ್ತದೆ. ಬಟ್ಟೆಯಲ್ಲಿ ಒರೆಸಿ ಸಾಕಾಗಿದೆ.
– ಓದುಗರು, ಸಾಗರ

ಉತ್ತರ: ಚಳಿ ಅಂತ ಎಸಿ ಆಫ್ ಮಾಡಿರುತ್ತೀರಿ, ಅದೇ ತೊಂದರೆ. ಎಸಿ ಗಾಳಿಯ ಪಸೆ ತೆಗೆಯುತ್ತದೆ. ಎಸಿ ಹಾಕಿ, ಬಿಸಿ ಕಡೆಗೆ ತಿರುಗಿಸಿ, ಗಾಳಿ ಗ್ಲಾಸಿನ ಮೇಲೆ ಬೀಳುವ ಹಾಗೆ ಇಡಿ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಇರಬೇಕು, ಹೊರಗಿನ ಗಾಳಿ ಬರಬೇಕು. ಎರಡು ನಿಮಿಷ ಸಾಕು. ಹೊರಗೇ ಮಂಜು ಕವಿದಿದ್ದರೆ ಲೋ ಬೀಮ್ ಹಾಕಿ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಹೋಗಬೇಡಿ, ಹಿಂದಿನವರಿಗೆ ನೀವು ನಿಂತಿದ್ದೀರೋ ತಿರುಗುತ್ತೀರೋ ತಿಳಿಯುವುದಿಲ್ಲ.

ಪ್ರಶ್ನೆ: ಮನೆ ತೋಟದ ಅಂಚಿನಲ್ಲಿದೆ. ಒಂದೇ ವರ್ಷದಲ್ಲಿ ಎರಡು ಸಲ ಇಲಿ ವೈರು ಕಡಿಯಿತು. ಹೊಗೆಸೊಪ್ಪು ಇಟ್ಟೆ, ನುಸಿಗುಳಿಗೆ ಇಟ್ಟೆ. ಏನೂ ಪ್ರಯೋಜನ ಇಲ್ಲ.
– ಅಡಿಕೆ ಬೆಳೆಗಾರರು, ಹೊಸನಗರ

ಉತ್ತರ: ವಾಸನೆ ಇರುವವರೆಗೆ ಅವು ದೂರ, ವಾಸನೆ ಹೋದ ರಾತ್ರಿ ಬಂದವು. ಇಲಿಗೆ ಬೇಕಾದದ್ದು ಬೆಚ್ಚಗಿನ ಜಾಗ ಮತ್ತು ಹತ್ತಿರದಲ್ಲಿ ಊಟ. ನಿಮ್ಮ ಶೆಡ್ಡಿನಲ್ಲೇ ಭತ್ತದ ಚೀಲವೋ ನಾಯಿ ಅನ್ನದ ತಟ್ಟೆಯೋ ಇದೆ ಅಂತ ನನ್ನ ಊಹೆ. ಮೊದಲು ಅದನ್ನು ತೆಗೆಯಿರಿ. ರಾತ್ರಿ ಬಾನೆಟ್ ಎತ್ತಿಡಿ, ಶೆಡ್ಡಿನಲ್ಲಿ ಬಲ್ಬ್ ಉರಿಯಲಿ, ಕತ್ತಲು ಇಕ್ಕಟ್ಟು ಇಲ್ಲದ ಕಡೆ ಇಲಿ ಗೂಡು ಕಟ್ಟುವುದಿಲ್ಲ. ಕಡಿಯುವ ವೈರುಗಳಿಗೆ ಮೆಕ್ಯಾನಿಕ್ ಹತ್ತಿರ ಉಕ್ಕಿನ ಜಾಲರಿ ಸುತ್ತಿಸಿ.

ವಾರಕ್ಕೊಮ್ಮೆ ಓಡಿಸುವ ಗಾಡಿಯಾದರೆ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ನಾನು ಒಮ್ಮೆ ಒಬ್ಬರ ಕಾರಿನ ಬ್ಯಾಟರಿ ಮೇಲೆ ಅಡಿಕೆ ಸಿಪ್ಪೆ, ಹತ್ತಿ, ಮಕ್ಕಳ ಕಾಲುಚೀಲದ ಚೂರು ಎಲ್ಲ ಸೇರಿಸಿ ಕಟ್ಟಿದ ಚೊಕ್ಕದಾದ ಗೂಡು ಕಂಡಿದ್ದೇನೆ. ಬಿಸಿ ಎಂಜಿನ್ ಪಕ್ಕದಲ್ಲಿ ಒಣ ಸಿಪ್ಪೆ, ಕಡಿದ ವೈರು. ಬೆಂಕಿಗೆ ಇನ್ನೇನು ಬೇಕು? ಇನ್ನೊಮ್ಮೆ ಇಲಿ ಹುಡುಕಿಕೊಂಡು ಬಂದ ಕೇರೆಹಾವು ಫ್ಯಾನ್ ಹತ್ತಿರ ಸುತ್ತಿಕೊಂಡಿತ್ತು. ಅದು ಪಾಪದ್ದು, ತಾನೇ ಇಳಿದು ಹೋಯಿತು. ಗ್ಯಾರೇಜಿನ ಹುಡುಗ ಮಾತ್ರ ಆ ದಿನ ಬಾನೆಟ್ ಹತ್ತಿರ ಬರಲಿಲ್ಲ.

ಪ್ರಶ್ನೆ: ಮಗನಿಗೆ ಹದಿನಾರು. ಚೆನ್ನಾಗಿ ಕಾರು ಓಡಿಸುತ್ತಾನೆ. ನಮ್ಮೂರಿನಿಂದ ಡೈರಿಗೆ ಎರಡು ಕಿಲೋಮೀಟರ್, ಪೊಲೀಸರೂ ಇರುವುದಿಲ್ಲ. ಕಳಿಸಬಹುದಾ?
– ತಂದೆ, ಸೊರಬ

ಉತ್ತರ: ಬೇಡ. ಕಾರಿನ ಲೈಸೆನ್ಸಿಗೆ ಹದಿನೆಂಟು ಆಗಬೇಕು. ಅವನು ಓಡಿಸಿ ಏನಾದರೂ ಅಪರಾಧವಾದರೆ ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಸಿಕ್ಕಿಬೀಳುವುದು ನೀವು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಪೊಲೀಸರು ಇಲ್ಲದಿರಬಹುದು, ಆ ಎರಡು ಕಿಲೋಮೀಟರಿನಲ್ಲಿ ಶಾಲೆಗೆ ಹೋಗುವ ಮಕ್ಕಳು, ದನ, ಎದುರಿನಿಂದ ಹಾಲಿನ ವ್ಯಾನು ಎಲ್ಲ ಇರುತ್ತವೆ. ಅಷ್ಟು ಆಸಕ್ತಿ ಇದ್ದರೆ ಈ ರಜೆಯಲ್ಲಿ ಸ್ಟೆಪ್ನಿ ಬದಲಿಸುವುದು ಕಲಿಸಿ. ಜಾಕ್ ಎಲ್ಲಿ ಕೊಡಬೇಕು, ಗಾಡಿ ಎತ್ತುವ ಮೊದಲು ನಟ್ಟನ್ನು ಯಾಕೆ ಸಡಿಲಿಸಬೇಕು, ಎದುರು ಚಕ್ರಕ್ಕೆ ಕಲ್ಲು ಯಾಕೆ ಇಡಬೇಕು ಅಂತ. ಜೊತೆಗೆ ನೀವೂ ಕೂತುಕೊಳ್ಳಿ, ಎಷ್ಟು ಅಪ್ಪಂದಿರಿಗೆ ತಮ್ಮ ಕಾರಿನ ಜಾಕ್ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ.