ಮೊಣಕಾಲು ಆಪರೇಷನ್‌: ಯಾವ ಆಸ್ಪತ್ರೆ ಅಗ್ಗ ಅನ್ನೋದಲ್ಲ, ಯಾವ ರೂಮು ಅನ್ನೋದು ಪ್ರಶ್ನೆ

ಅಮ್ಮನ ಮೊಣಕಾಲು ಕೀಲು ಬದಲಿಸಲು ಬೆಂಗಳೂರಿನ ಮೂರು ಖಾಸಗಿ ಆಸ್ಪತ್ರೆಗಳ ಪ್ಯಾಕೇಜ್ ದರ ಹಾಕಿ, ಯಾವುದು ಅಗ್ಗ ಅಂತ ಕೇಳಿದ್ದೀರಿ. ಇಂಥದ್ದೇ ಚೀಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತವನು ನಾನೂ. ಆ ಮೊತ್ತಗಳನ್ನು ಹೋಲಿಸಲೇಬೇಡಿ. ಒಂದರಲ್ಲಿ ಇಂಪ್ಲಾಂಟ್ (ಒಳಗೆ ಕೂರಿಸೋ ಕೃತಕ ಕೀಲು) ಸೇರಿರುತ್ತೆ, ಇನ್ನೊಂದರಲ್ಲಿ ಇರಲ್ಲ. ಒಂದು ಜನರಲ್ ವಾರ್ಡಿನದು, ಇನ್ನೊಂದು ಟ್ವಿನ್ ಶೇರಿಂಗಿನದು, ಅಂದರೆ ಇಬ್ಬರು ರೋಗಿಗಳು ಹಂಚಿಕೊಳ್ಳೋ ರೂಮಿನದು.

ಜನ ಎಡವೋದು ರೂಮಿನಲ್ಲೇ. ಎಷ್ಟೋ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದರೆ ಬಾಡಿಗೆ ಮಾತ್ರ ಏರಲ್ಲ. ಸರ್ಜನ್ ಫೀಸು, ಅನಸ್ತೇಶಿಯಾ, ಓಟಿ (ಆಪರೇಷನ್ ಥಿಯೇಟರ್) ಚಾರ್ಜು ಎಲ್ಲ ಏರುತ್ತೆ. ಅದೇ ಡಾಕ್ಟರು, ಅದೇ ಟೇಬಲ್ಲು, ಬಿಲ್ಲು ಬೇರೆ. ವಿಮೆಯಲ್ಲಿ ಇದರ ಪೆಟ್ಟು ಇನ್ನೂ ಜೋರು. ಪಾಲಿಸಿ 3 ಲಕ್ಷದ್ದು, ರೂಮಿನ ಬಾಡಿಗೆ ಮಿತಿ ಅದರ ಶೇ 1 ಅಂದುಕೊಳ್ಳಿ: ದಿನಕ್ಕೆ 3,000. ನೀವು 6,000ದ ರೂಮು ಹಿಡಿದರೆ ಕೈಯಿಂದ ಹೋಗೋದು ದಿನಕ್ಕೆ 3,000 ತಾನೇ ಅನಿಸುತ್ತೆ. ಪಾಲಿಸಿಯಲ್ಲಿ ‘ಪ್ರಪೋರ್ಷನೇಟ್ ಡಿಡಕ್ಷನ್’ (ರೂಮಿನ ಮಿತಿ ಮೀರಿದ ಅನುಪಾತದಲ್ಲೇ ಬೇರೆ ಚಾರ್ಜುಗಳಲ್ಲೂ ಕಡಿತ) ಸಾಲು ಇದ್ದರೆ ಅಷ್ಟಕ್ಕೇ ಮುಗಿಯಲ್ಲ. ನಿಮಗೆ ಸಿಗಬೇಕಾದ ರೂಮಿನ ಎರಡರಷ್ಟು ತಗೊಂಡಿರಿ ಅಂತ ಸರ್ಜನ್, ಓಟಿ ಸೇರಿ 1,20,000 ಆಗಿದ್ದರೆ ಅದರಲ್ಲೂ 60,000 ಕತ್ತರಿಸ್ತಾರೆ. ಔಷಧಿ, ಇಂಪ್ಲಾಂಟ್, ಟೆಸ್ಟು, ಐಸಿಯು ಚಾರ್ಜಿಗೆ ಈ ಕತ್ತರಿ ಹಾಕುವಂತಿಲ್ಲ. ಹಾಕಿದ್ದರೆ ಜಗಳ ಆಡಿ, ಸಂಕೋಚ ಬೇಡ. ದಿನಕ್ಕೆ 5,000 ದಾಟಿದ ರೂಮಿಗೆ 2022ರ ಜುಲೈನಿಂದ ಶೇ 5 ಜಿಎಸ್‌ಟಿ ಬೇರೆ.

ಹಾಗಾಗಿ ಮೊದಲು ಪಾಲಿಸಿ ತೆಗೆದು ರೂಮಿನ ಮಿತಿ ನೋಡಿ. ಆ ಮಿತಿಯೊಳಗಿನ ರೂಮಿಗೇ ಮೂರೂ ಕಡೆ ಎಸ್ಟಿಮೇಟ್ ಬರೆಸಿ, ಸೀಲು ಹಾಕಿಸಿಕೊಳ್ಳಿ. ಒಂದು ಕಾಲಿಗೋ ಎರಡಕ್ಕೋ, ಎಷ್ಟು ದಿನ, ಇಂಪ್ಲಾಂಟಿನ ಕಂಪನಿ ಮತ್ತು ಮಾಡೆಲ್, ಫಿಸಿಯೋಥೆರಪಿ ಸೇರಿದೆಯಾ, ಒಂದು ದಿನ ಹೆಚ್ಚಾದರೆ ಎಷ್ಟು, ಎಲ್ಲ ಅದರಲ್ಲೇ ಇರಲಿ. ಮೊಣಕಾಲಿನ ಇಂಪ್ಲಾಂಟಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ದರ ಪ್ರಾಧಿಕಾರ ಎನ್‌ಪಿಪಿಎ ದರಮಿತಿ ಹಾಕಿತು. ಬಿಲ್ಲಿನಲ್ಲಿ ಅದರ ಬೆಲೆ, ಬ್ರ್ಯಾಂಡು, ಬ್ಯಾಚ್ ನಂಬರು ಪ್ರತ್ಯೇಕವಾಗಿ ಕಾಣಬೇಕು. ಡಬ್ಬದ ಸ್ಟಿಕರ್‌ಗಳನ್ನು ಡಿಸ್ಚಾರ್ಜ್ ದಿನ ಕೇಳಿ ಇಸ್ಕೊಳ್ಳಿ. ದರಪಟ್ಟಿ ತೋರಿಸಲ್ಲ ಅಂದರೆ ಕೆಪಿಎಂಇ (ಕರ್ನಾಟಕದ ಖಾಸಗಿ ಆಸ್ಪತ್ರೆಗಳ) ಕಾಯ್ದೆಯ ಹೆಸರೆತ್ತಿ. ದರ ಪ್ರದರ್ಶಿಸೋದು ಅವರ ಮರ್ಜಿಯಲ್ಲ.

ಅಂದಹಾಗೆ, ನಿಮ್ಮ ಪಟ್ಟಿಯಲ್ಲಿ ಸರ್ಕಾರಿ ಆಸ್ಪತ್ರೆ ಒಂದೂ ಇಲ್ಲ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ-ಕೀಲಿಗೆಂದೇ ಇರೋದು. ಅಲ್ಲೂ ಒಂದು ಎಸ್ಟಿಮೇಟ್ ಕೇಳಿ, ಹೋಗುವಾಗ ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.