ಬೆನ್ನ ಮೇಲೆ ಮೂರು ಚುಕ್ಕೆ

ಪ್ರಶ್ನೆ: ಮಲ್ಪೆಯಲ್ಲಿ ಬಲೆ ಬಿಡಿಸುವಾಗ ಬೆನ್ನ ಮೇಲೆ ಮೂರು ಕೆಂಪು ಚುಕ್ಕೆ ಇರುವ ಏಡಿ ಸಿಕ್ಕಿತು. ಹೊಸ ಜಾತಿಯಾ ಸರ್? ದಾಖಲಿಸೋದು ಹೇಗೆ?

ಉತ್ತರ: ಹೊಸದಲ್ಲ, ಜರ್ಮನ್ ಪ್ರಾಣಿಶಾಸ್ತ್ರಜ್ಞ ಹರ್ಬ್ಸ್ಟ್ 1783ರಲ್ಲೇ ಇದಕ್ಕೆ ಹೆಸರಿಟ್ಟಿದ್ದಾರೆ. ಆದರೂ ನೀವು ಗಮನಿಸಿದ್ದು ನನಗೆ ತುಂಬಾ ಖುಷಿ. ಕೊನೆಯ ಜೋಡಿ ಕಾಲು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಇದೆ ಅಲ್ವಾ? ಅದರಿಂದಲೇ ಈಜುತ್ತದೆ. ಮಗುಚಿ ನೋಡಿ: ಹೊಟ್ಟೆಯ ಮುಚ್ಚಳ ಕಿರಿದಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಎರಡೂ ಕಡೆ ಫೋಟೊ ತೆಗೆಯಿರಿ. ಬಣ್ಣ ಆಗಲೇ ಬರೆದಿಡಿ, ಕೆಡದಂತೆ ಸ್ಪಿರಿಟ್‌ನಲ್ಲಿ ಇಟ್ಟರೆ ಮಾಸುತ್ತದೆ. ಸೀಸೆಯೊಳಗಿನ ಚೀಟಿಗೆ ಪೆನ್ಸಿಲ್ಲೇ ಬೇಕು, ಶಾಯಿ ಕರಗುತ್ತದೆ. ಜಾಗ, ತಾರೀಖು ಬರೆಯದೆ ನಾನಿಟ್ಟ ಹಳೇ ಸೀಸೆಗಳು ಈಗ ಯಾವುದಕ್ಕೂ ಬಾರವು, ಬೇಜಾರಾಗುತ್ತದೆ. ಹೊಟ್ಟೆಯಡಿ ಮೊಟ್ಟೆ ಕಂಡರೆ ಫೋಟೊ ತೆಗೆದು ನೀರಿಗೆ ಬಿಡಿ, ದಯವಿಟ್ಟು.